ಕಂಡಿಕೆಯಿಲ್ಲದ ಲಾಳಿ

ನೆಲಮಂಗಲ
೧೨ ಏಪ್ರಿಲ್ ೨೦೨೫, ಶನಿವಾರ

ಚೌಡೇಶ್ವರಿ ಅತ್ತಿಗೆಯವರಿಗೆ,

ನಮಸ್ಕಾರ. ನಿಮ್ಮ ಕ್ಷೇಮ ಕೇಳಿ ಪತ್ರ ಶುರುಮಾಡುವುದು ಪದ್ಧತಿ. ಆದರೆ ರಾಮನವಮಿಯ ದಿನ ನೀವೇ ಮನೆಗೆ ಬಂದು, ನನ್ನೆದುರಿಗೆ ಕೂತು, ಪಾನಕ ಚೆನ್ನಾಗಿದೆಯೆಂದು ಇನ್ನೊಂದು ಲೋಟ ಹಾಕಿಸಿಕೊಂಡು ಕುಡಿದು, ಕ್ಷೇಮವಾಗಿದ್ದೀರೆಂದು ತೋರಿಸಿ ಹೋಗಿದ್ದೀರಿ. ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ.

ಫೋನು ಮಾಡದೆ ಯಾಕೆ ಬರೆಯುತ್ತಿದ್ದಾಳೆ ಎನ್ನಿಸಬಹುದು. ನನಗೆ ಇಷ್ಟವಿಲ್ಲದ ಮಾತನ್ನು ನೀವು ಫೋನಿನಲ್ಲಿ ಹೇಳುತ್ತೀರಿ, ನಿಮಗೆ ಇಷ್ಟವಿಲ್ಲದ ಮಾತು ನಾನು ಹೇಳಿದರೆ ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುತ್ತೀರಿ. ಬಂದು ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಯಾವ ಮಾತನ್ನಾದರೂ ಕೂಗಿಯೇ ಹೇಳಬೇಕು. ಇದು ಕೂಗುವ ಮಾತಲ್ಲ. ಕನ್ನಡಕ ಹಾಕಿಕೊಂಡು ಓದಿ. ಅರ್ಧಕ್ಕೆ ಮಡಿಸಿಡಬೇಡಿ.

ಅವತ್ತು ನೀವು ಬಂದಾಗ ನಾನು ಖುಷಿಪಟ್ಟಿದ್ದೆ. ನಿಮ್ಮ ತಮ್ಮ ತೀರಿಕೊಂಡು ಹನ್ನೊಂದು ವರ್ಷದಲ್ಲಿ ನೀವು ನನ್ನ ಹೊಸಿಲು ದಾಟಿದ್ದು ಅದೇ ಮೊದಲು. ನಿಮ್ಮ ಮಗಳು ಅಕ್ಷತಳ ಮದುವೆ ಗೊತ್ತಾಯಿತು, ಹುಡುಗ ಭಾನುಪ್ರಕಾಶ್, ಇಲ್ಲೇ ಹತ್ತಿರದ ವಿಜಯಪುರದವರು, ರೇಷ್ಮೆ ಹುರಿ ಮಾಡುವ ಮಿಷಿನ್ ಇಟ್ಟಿರುವ ಮನೆ ಎಂದೆಲ್ಲ ಹೇಳಿದಿರಿ. ನನ್ನ ಕಣ್ಣು ತುಂಬಿತು. ಆ ಮಗುವಿಗೆ ಅಕ್ಷರ ತಿದ್ದಿಸಿದವಳು ನಾನು. ಸೋದರಮಾವನ ಸ್ಥಾನದಲ್ಲಿ ನಿಂತು ನಾನೇ ಅವಳಿಗೆ ಬಳೆ ತೊಡಿಸಬೇಕು ಎನ್ನುತ್ತೀರೇನೋ ಎಂದು, ನಾಚಿಕೆಯಿಲ್ಲದೆ, ಒಂದು ಗಳಿಗೆ ಆಸೆಪಟ್ಟೆ.

ನೀವು ಲೋಟ ಕೆಳಗಿಟ್ಟಿರಿ. “ಗಂಡಿನ ತಾಯಿ ಒಂದು ಮಾತು ಕೇಳಿದ್ರು ಶಶಿ” ಅಂದಿರಿ. “ಹುಡುಗಿ ಮಾವ ಅಷ್ಟು ಚಿಕ್ಕ ವಯಸ್ಸಿಗೆ ಹೆಂಗೆ ಹೋಗ್ಬಿಟ್ರು ಅಂತ. ನಾನು ಹಾರ್ಟ್ ಅಟ್ಯಾಕ್ ಅಂದ್ಬಿಟ್ಟಿದೀನಿ. ನಿನ್ನ ಕೇಳಿದ್ರೆ ನೀನೂ ಅದನ್ನೇ ಅನ್ನು. ಓದ್ಕೊಂಡಿರೋಳು, ನಿನ್ ಮಾತು ನಂಬ್ತಾರೆ.”

ಅಕ್ಷತಳ ವಿಷಯ ಅವರಿಗೆ ಹೇಳಿದ್ದೀರಾ ಎಂದು ಕೇಳಿದೆ. ನೀವು ನಕ್ಕಿರಿ. “ಹೇಳೋಕೆ ಏನೈತೆ ಈಗ? ಉಗಾದಿಗೆ ನಾಗರಕಲ್ಲು ಪ್ರತಿಷ್ಠೆ ಮಾಡ್ಸಿದ್ವಿ. ಅವತ್ತಿಂದ ಮಾತ್ರೆ ಬಿಡ್ಸಿದೀನಿ. ನೋಡು, ಏನೂ ಇಲ್ಲ, ಹೂವಿನಂಗವ್ಳೆ. ಆ ಮಾತ್ರೆ ತಿಂದ್ರೆ ಹುಟ್ಟೋ ಮಗೀಗೂ ಒಳ್ಳೇದಲ್ವಂತೆ.”

ಮಾತ್ರೆಯನ್ನು ಹಾಗೆ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ಎಂದೆ. ಮಗುವಿನ ಯೋಚನೆಯಿದ್ದರೆ ಮಾತ್ರೆ ಬದಲಿಸಿ ಕೊಡುತ್ತಾರೆ ಎಂದೆ. ಆಗ ನೀವು ಸೆರಗು ಸರಿಮಾಡಿಕೊಂಡು ಎದ್ದಿರಿ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅಂದ ಮಾತು ಇದು: “ಮಕ್ಕಳ ವಿಷ್ಯ ನಿಂಗೇನು ಗೊತ್ತು ಬಿಡು. ಪೇಪರ್ ತಿದ್ದೋಕೆ ಹೋಗಿ ಗಂಡನ್ನೇ ಕಳ್ಕೊಂಡೋಳು. ನೀನು ಪಕ್ಕದಲ್ಲಿದ್ದಿದ್ರೆ ನನ್ ತಮ್ಮ ಇರ್ತಿದ್ದ.”

ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ತಿಥಿಯ ದಿನ ಕೇಳಿದ್ದೇನೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು ಇನ್ನೊಬ್ಬಳಿಗೆ ನನ್ನನ್ನು ತೋರಿಸಿ ಹೇಳುವುದನ್ನೂ ಕೇಳಿದ್ದೇನೆ. ಸಹಿಸಿಕೊಂಡೆ. ಇನ್ನು ಸಹಿಸುವುದಿಲ್ಲ. ನನ್ನ ಮರ್ಯಾದೆಗಾಗಿ ಎಂದುಕೊಳ್ಳಬೇಡಿ, ಅದು ಹೋಗಿ ಬಹಳ ಕಾಲವಾಯಿತು. ಅಕ್ಷತಳಿಗಾಗಿ.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಎಲ್ಲ ಗೊತ್ತಿದೆ. ಆದರೆ ನನಗೆ ಏನೇನು ಗೊತ್ತಿದೆ ಎಂಬುದು ನಿಮಗೆ ಗೊತ್ತಿಲ್ಲ.

ನಾನು ದೊಡ್ಡಬಳ್ಳಾಪುರದ ಆ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮಮ್ಮ ಲಕ್ಷ್ಮೀದೇವಮ್ಮನವರು ಹೆಸರಿಗೆ ಯಜಮಾನಿ. ಮನೆ ನಡೆಸುತ್ತಿದ್ದವರು ನೀವು. ಭಾವನವರನ್ನು ಮನೆ ಅಳಿಯನನ್ನಾಗಿ ತಂದುಕೊಂಡು, ಮಗ್ಗಗಳನ್ನೂ ತಮ್ಮನನ್ನೂ ಕೈಯಲ್ಲಿಟ್ಟುಕೊಂಡಿದ್ದಿರಿ. ಮದುವೆಯಾದ ತಿಂಗಳಲ್ಲೇ ಒಂದು ಬೆಳಿಗ್ಗೆ ನಿಮ್ಮ ತಮ್ಮ ಹಾಸಿಗೆಯಲ್ಲಿ ಸೆಟೆದುಕೊಂಡು ಅದುರತೊಡಗಿದರು. ನಾನು ಕಿರುಚಿಕೊಂಡೆ. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಓಡಿಬಂದು ನಿಮ್ಮನ್ನು ಕರೆದೆ. ನೀವು ಗಾಬರಿಯಾಗಲಿಲ್ಲ. ನಡುಮನೆಯ ಗೂಡಿನಿಂದ ಒಂದು ಹಳೇ ಲಾಳಿ ತೆಗೆದುಕೊಂಡು ನಿಧಾನವಾಗಿ ಬಂದಿರಿ. ಎಣ್ಣೆ ಕುಡಿದು ಕಪ್ಪಾದ ಮರದ ಲಾಳಿ, ಎರಡೂ ತುದಿಗೆ ಕಬ್ಬಿಣದ ಮೊನೆ, ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆಯಿಲ್ಲ. ಅದನ್ನು ಅವರ ಬಲಗೈಯಲ್ಲಿ ಒತ್ತಿ ಹಿಡಿಸಿದಿರಿ. ಬೇರೆ ಮನೆಗಳಲ್ಲಿ ಬೀಗದ ಕೈ ಗೊಂಚಲು ಕೊಡುತ್ತಾರೆ, ನೇಕಾರರ ಮನೆಯಲ್ಲಿ ಲಾಳಿ. ಅದುರುವುದು ನಿಂತಿತು. ತಾನಾಗಿಯೇ ನಿಲ್ಲುವಂಥದ್ದು ನಿಂತಿತೆಂದು ಆಗ ನನಗೂ ತಿಳಿಯಲಿಲ್ಲ.

“ಪಿತ್ತ ಜಾಸ್ತಿ ಅವ್ನಿಗೆ. ನಿಂಬೆಹುಳಿ ಕುಡುದ್ರೆ ಸರಿಹೋಯ್ತದೆ. ಆಚೆ ಹೇಳ್ಕೊಂಡು ತಿರುಗ್ಬೇಡ” ಅಂದಿರಿ.

ಅವರು ನಿಮ್ಮ ಹಾಗಿರಲಿಲ್ಲ. ಅದೇ ಸಂಜೆ ಮಾಳಿಗೆಗೆ ಕರೆದುಕೊಂಡು ಹೋಗಿ, ಗೋಡೆಯ ಕಡೆ ನೋಡುತ್ತಾ ಹೇಳಿದರು: “ನಂಗೆ ಪಿಡ್ಸು ಬರುತ್ತೆ ಶಶಿ. ಚಿಕ್ಕೋನಿಂದ. ಮದುವೆಗೆ ಮುಂಚೆನೇ ಹೇಳ್ಬೇಕು ಅಂತಿದ್ದೆ, ಅಕ್ಕ ಬಿಡ್ಲಿಲ್ಲ. ನೀನು ನಿಮ್ಮೂರಿಗೆ ಹೋಗೋದಾದ್ರೆ ಬಸ್ ಸ್ಟ್ಯಾಂಡ್‌ವರೆಗೂ ನಾನೇ ಬಂದು ಬಿಡ್ತೀನಿ, ಬೇಜಾರಿಲ್ಲ.”

ಬಸ್ ಸ್ಟ್ಯಾಂಡಿಗೆ ಹೋದೆವು. ಅಲ್ಲಿಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ವಾಪಸು ಬಂದೆವು. ನನ್ನ ಮದುವೆ ನಡೆದದ್ದು ಅವತ್ತು ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

ಆಮೇಲೆ ನಾನೇ ಅವರನ್ನು ಬೆಂಗಳೂರಿನ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಿನವೂ ಮಾತ್ರೆ, ಸರಿಯಾದ ನಿದ್ದೆ, ಇಷ್ಟೇ. ವರ್ಷಕ್ಕೆ ಒಂದೋ ಎರಡೋ ಸಲ ಬರುವಷ್ಟಕ್ಕೆ ಇಳಿಯಿತು. ಅದು ನಿಮಗೆ ಹಿಡಿಸಲಿಲ್ಲ. “ಓದಿದ ಸೊಸೆ ಬಂದು ಗಂಡನ್ನ ರೋಗಿಷ್ಟ ಮಾಡಿದ್ಲು” ಎಂದು ಮಗ್ಗದ ಮುಂದೆ ನಿಂತು ಅಂದಿರಿ. ನಿಮ್ಮ ಮನೆಯಲ್ಲಿ ಬೆಳೆದವರೆಲ್ಲ ಸದ್ದಿನ ನಡುವೆ ತುಟಿ ನೋಡಿ ಮಾತು ತಿಳಿಯುವವರು. ಆ ವೇಳೆಗೆ ನನಗೂ ಅದು ಬಂದುಬಿಟ್ಟಿತ್ತು ಎಂಬುದನ್ನು ನೀವು ಮರೆತಿದ್ದಿರಿ.

ಅದನ್ನು ಕಲಿಸಿದವರು ನಿಮ್ಮ ತಮ್ಮ. ಸಂಜೆ ಕಾಲೇಜಿನಿಂದ ಬಂದು ನಾನು ಮಗ್ಗದ ಆಚೆ ಬದಿಗೆ ನಿಂತು, ಅವತ್ತು ತರಗತಿಯಲ್ಲಿ ಪಾಠ ಮಾಡಿದ ಪದ್ಯವನ್ನು ಹೇಳುತ್ತಿದ್ದೆ. ಶಬ್ದ ನನಗೇ ಕೇಳಿಸುತ್ತಿರಲಿಲ್ಲ. ಅವರು ಈಚೆಯಿಂದ ನನ್ನ ತುಟಿ ನೋಡುತ್ತಿದ್ದರು. ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, “ಆ ಮೂರನೇ ಸಾಲು ಇನ್ನೊಂದ್ಸಲ ಹೇಳು” ಎನ್ನುತ್ತಿದ್ದರು. ಪದ್ಯವನ್ನು ಹಾಗೆ ಕೇಳಿದವರು ಇನ್ನೊಬ್ಬರಿಲ್ಲ ಎಂದುಕೊಂಡಿದ್ದೇನೆ. ಇದನ್ನೆಲ್ಲ ನಿಮಗೇಕೆ ಬರೆಯುತ್ತಿದ್ದೇನೆಂದರೆ, ನಾನು ಕಳೆದುಕೊಂಡದ್ದು ಏನು ಎಂಬುದು ಒಂದು ಸಲವಾದರೂ ನಿಮ್ಮ ಕಣ್ಣಿಗೆ ಬೀಳಲಿ ಎಂದು.

ಈಗ ಆ ಏಪ್ರಿಲ್.

ಪಿಯು ಪರೀಕ್ಷೆಯ ಪತ್ರಿಕೆ ತಿದ್ದಲು ನನ್ನನ್ನು ಬೆಂಗಳೂರಿಗೆ ಹಾಕಿದ್ದರು. ದಿನವೂ ಓಡಾಡುವುದು ಆಗದೆಂದು ತಂಗಿಯ ಮನೆಯಲ್ಲಿ ಉಳಿದೆ. ಮಾತ್ರೆಯ ಡಬ್ಬಿ ಅವರ ಕೈಗೆ ಕೊಟ್ಟು ಬಂದಿದ್ದೆ. ಮದುವೆ ಕಾಲ, ಸೀರೆಗೆ ಬೇಡಿಕೆ. ಮಗ್ಗ ಹಗಲೂ ಇರುಳೂ ಓಡುತ್ತಿತ್ತು. ಅವರು ಎರಡು ಪಾಳಿ ನಿಲ್ಲುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅದೇ ವಾರ ನೀವು ಅವರ ಹೆಸರಿನಲ್ಲಿ ನಾಗರಕಲ್ಲು ಇಡಿಸುವ ಕಾರ್ಯ ಇಟ್ಟುಕೊಂಡಿದ್ದಿರಿ. ನನಗೆ ಹೇಳಿರಲಿಲ್ಲ. “ದೇವರ ಕೆಲಸ ಮುಗಿಯೋತನಕ ಇಂಗ್ಲಿಷ್ ಮಾತ್ರೆ ಮುಟ್ಬೇಡ, ನಂಬಿಕೆ ಒಂದು ಕಡೆ ಇರ್ಬೇಕು” ಎಂದು ಮಾತ್ರೆ ನಿಲ್ಲಿಸಿದಿರಿ. ನೀವಂದ ಮಾತನ್ನು ನಿಮ್ಮಮ್ಮ ಆಮೇಲೆ ಹೇಳಿದರು, ಮಾತ್ರೆ ನಿಂತದ್ದನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ. ನಾನು ಕೊಟ್ಟುಹೋದ ಡಬ್ಬಿ ತೆರೆದಾಗ ಮಾತ್ರೆಗಳೆಲ್ಲ ಹಾಗೆಯೇ ಇದ್ದವು.

ಒಂದು ಬೆಳಿಗ್ಗೆ ಫೋನು ಬಂತು. ಬಂದೆ. ಹಜಾರದಲ್ಲಿ ಮಲಗಿಸಿ ಕತ್ತಿನವರೆಗೂ ಬಿಳೀ ಪಂಚೆ ಹೊದಿಸಿದ್ದಿರಿ. ಮಗ್ಗಗಳು ನಿಂತಿದ್ದವು. ಆ ಮನೆಯಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಮಲಗಿದವರಿಗೆಲ್ಲ ಎಚ್ಚರವಾಗುತ್ತಿತ್ತು. ಸದ್ದಿನಲ್ಲಿ ನಿದ್ದೆ, ಸದ್ದು ನಿಂತರೆ ಎಚ್ಚರ. ಅವತ್ತು ಅಷ್ಟು ನಿಶ್ಶಬ್ದದಲ್ಲೂ ಅವರು ಏಳಲಿಲ್ಲ ಎಂಬುದೇ ನನಗೆ ಅವರ ಸಾವಿನ ಮೊದಲ ಸುದ್ದಿ. ಫೋನಿನ ಮಾತನ್ನು ನಾನು ನಂಬಿರಲಿಲ್ಲ.

ನೀವು ಎದೆ ಬಡಿದುಕೊಂಡು ಹೇಳುತ್ತಿದ್ದಿರಿ: ಬೆಳಿಗ್ಗೆ ಕಾಫಿ ತಗೊಂಡು ಹೋದೆ, ತಣ್ಣಗಾಗಿಬಿಟ್ಟಿದ್ದ, ಒಬ್ಬನೇ ಇದ್ದ, ಹೆಂಡತಿ ಅನ್ನೋಳು ಪಕ್ಕದಲ್ಲಿರ್ಲಿಲ್ಲ.

ನಾನು ತಲೆಯ ಹತ್ತಿರ ಕೂತೆ. ಮುಖ ನೋಡಿದೆ. ಮೂಗಿನ ತುದಿಯಲ್ಲಿ, ಎಡಗೆನ್ನೆಯ ಮೇಲೆ, ಹಣೆಯಲ್ಲಿ ಚಾಪೆಯ ಹೆಣಿಗೆಯ ಅಚ್ಚು ಒತ್ತಿತ್ತು. ಬೋರಲಾಗಿ ಮಲಗಿದ್ದ ಗುರುತು. ಕೈ ಹಿಡಿದುಕೊಳ್ಳೋಣವೆಂದು ಪಂಚೆಯ ಒಳಗೆ ಕೈ ಹಾಕಿದೆ. ನನಗೆ ಸಿಕ್ಕಿದ್ದು ಮರ. ಬೆರಳುಗಳು ಅದರ ಸುತ್ತ ಬಿಗಿದುಕೊಂಡಿದ್ದವು. ಪಂಚೆ ಸ್ವಲ್ಪ ಸರಿಸಿ ನೋಡಿದೆ. ಗೂಡಿನ ಲಾಳಿ.

ತಲೆಯೆತ್ತಿದಾಗ ನೀವು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಿರಿ. ನೆನಪಿದೆಯೇ? ನನಗಿದೆ. ಕಣ್ಣು ತೆಗೆದವರು ನೀವು. ತಕ್ಷಣ ಬಂದವರ ಕಡೆ ತಿರುಗಿ, “ನೋಡ್ರಪ್ಪ, ಲಾಳಿ ಹಿಡ್ಕೊಂಡೇ ಹೋದ ನನ್ ತಮ್ಮ, ಕಸುಬನ್ನ ಕೊನೇಗಳಿಗೆವರೆಗೂ ಬಿಡ್ಲಿಲ್ಲ” ಅಂದಿರಿ. ಊರೆಲ್ಲ ಅದನ್ನೇ ಹೇಳಿತು. ಇವತ್ತಿಗೂ ಪೇಟೆಯಲ್ಲಿ ಹಳಬರು ನನ್ನನ್ನು ಕಂಡರೆ, ಉಮಾಶಂಕರ್ ಪುಣ್ಯವಂತ ಕಣಮ್ಮ, ಕೈಯಲ್ಲಿ ಲಾಳಿ ಹಿಡಿದೇ ಹೋದ ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ.

ಅತ್ತಿಗೆ, ಬನಿಯನ್ನು ಹಾಕಿಕೊಂಡು ಚಾಪೆಯ ಮೇಲೆ ಮಲಗಿದವನು ಯಾವ ಸೀರೆ ನೇಯುತ್ತಿದ್ದ? ಕಂಡಿಕೆಯಿಲ್ಲದ ಲಾಳಿಯಲ್ಲಿ ಅಡ್ಡನೂಲಿನ ಹೊಕ್ಕು ಹಾಕುವವರು ಯಾರು? ಅಷ್ಟು ಜನ ನೇಕಾರರು ಸುತ್ತ ನಿಂತಿದ್ದರು. ಒಬ್ಬರಿಗೂ ಆ ಲಾಳಿಯ ಹೊಟ್ಟೆ ಬರಿದೆಂದು ಕಾಣಲಿಲ್ಲ, ಅಥವಾ ಕಂಡರೂ ಸಾವಿನ ಮನೆಯಲ್ಲಿ ಕೇಳಲಿಲ್ಲ.

ಅವರು ಒಬ್ಬರೇ ಇರಲಿಲ್ಲ. ಫಿಟ್ಸ್ ಬಂದಾಗ ನೀವಿದ್ದಿರಿ. ಲಾಳಿ ತಂದು ಕೈಗಿಟ್ಟವರು ನೀವು. ಅದುರುವುದು ನಿಂತಿತು, ಇನ್ನು ನಿದ್ದೆ ಮಾಡುತ್ತಾನೆ ಎಂದುಕೊಂಡು ಎದ್ದು ಹೋದಿರಿ. ಯಾಕೆ ಹೋದಿರೋ ನನಗೆ ಗೊತ್ತಿಲ್ಲ. ಹಾಲಿನವನು ಬಂದಿರಬಹುದು. ಮಗ್ಗದಲ್ಲಿ ಎಳೆ ಕಡಿದಿರಬಹುದು. ಕೈಗೆ ಕಬ್ಬಿಣ ಸಿಕ್ಕಿತಲ್ಲ, ಮುಗಿಯಿತು ಎಂಬ ಧೈರ್ಯವೂ ಇದ್ದೀತು. ಬೋರಲು ಬಿದ್ದವನನ್ನು ಮಗ್ಗುಲಿಗೆ ಹೊರಳಿಸಲಿಲ್ಲ. ಉಸಿರು ನೋಡಲಿಲ್ಲ. ಕಾಫಿ ತಂದಾಗ ಮೈ ತಣ್ಣಗಿತ್ತು.

ಆರು ತಿಂಗಳ ಮೇಲೆ ಅವರ ಹಳೇ ಚೀಟಿಗಳನ್ನು ಹಿಡಿದು ಡಾಕ್ಟರ ಹತ್ತಿರ ಒಬ್ಬಳೇ ಹೋಗಿದ್ದೆ. ಮೂರ್ಛೆರೋಗ ಇರುವವರಲ್ಲಿ ಕೆಲವರು ಹೀಗೆ, ಇದ್ದಕ್ಕಿದ್ದಂತೆ, ಬಹುತೇಕ ನಿದ್ದೆಯಲ್ಲಿ ಹೋಗಿಬಿಡುತ್ತಾರೆ ಎಂದರು. ಇಂಗ್ಲಿಷಿನಲ್ಲಿ ಅದಕ್ಕೊಂದು ಗಿಡ್ಡ ಹೆಸರಿದೆ, ಸುಡೆಪ್. ದೊಡ್ಡ ಫಿಟ್ಸ್ ಬಂದು ನಿಂತ ಮೇಲೆ ಉಸಿರು ಸೋಲುತ್ತದೆ, ಗುಂಡಿಗೆ ಸೋಲುತ್ತದೆ. ಮಾತ್ರೆ ತಪ್ಪಿದರೆ, ನಿದ್ದೆಗೆಟ್ಟರೆ, ಬೋರಲು ಮಲಗಿದರೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅಪಾಯ ಹೆಚ್ಚು. ಹೊರಳಿಸಿ, ಮೈ ಅಲುಗಾಡಿಸಿ, ಸರಿಯಾಗಿ ಎಚ್ಚರವಾಗುವವರೆಗೂ ಜೊತೆಗಿದ್ದರೆ ಎಷ್ಟೋ ಸಲ ಉಸಿರು ಮರಳುತ್ತದೆ. ಮರಳದೆಯೂ ಇರಬಹುದು.

ಇದನ್ನು ನಮಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಕೂಗಾಡಿದೆ. ಅವರು ಬೈಸಿಕೊಂಡರು. “ಹೆದರ್ತಾರೆ ಅಂತ ಹೇಳೋದಿಲ್ಲಮ್ಮ. ಹೇಳ್ಬೇಕಿತ್ತು” ಎಂದರು.

ಆದ್ದರಿಂದ ನೀವು ತಮ್ಮನನ್ನು ಕೊಂದಿರಿ ಎಂದು ನಾನು ಬರೆಯುತ್ತಿಲ್ಲ. ನೀವು ಹೊರಳಿಸಿದ್ದರೂ ಅವರು ಹೋಗುತ್ತಿದ್ದರೇನೋ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ಬರೆಯುತ್ತಿರುವುದು ಇಷ್ಟು: ಪಕ್ಕದಲ್ಲಿದ್ದವರು ನೀವು. ಇಲ್ಲದಿದ್ದವಳ ತಲೆಗೆ ಅದನ್ನು ಕಟ್ಟಿ ಹನ್ನೊಂದು ವರ್ಷ ನೆಮ್ಮದಿಯಾಗಿ ಊಟ ಮಾಡಿದಿರಿ.

ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎನ್ನುತ್ತೀರಾ? ಕರುಣೆ ಎಂದುಕೊಳ್ಳಬೇಡಿ. ನಿಮ್ಮಮ್ಮ ಇದ್ದರು. ಒಬ್ಬ ಮಗನನ್ನು ಕಳುಹಿಸಿಕೊಟ್ಟ ವಾರದಲ್ಲೇ ಮಗಳನ್ನೂ ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅವರು ಹೋದಮೇಲೆ ಹೇಳಬಹುದಿತ್ತು. ಆ ವೇಳೆಗೆ ಅದು ನನ್ನ ಹತ್ತಿರ ಉಳಿದಿದ್ದ ಏಕೈಕ ಆಯುಧವಾಗಿತ್ತು, ಬಳಸಿಬಿಟ್ಟರೆ ಖಾಲಿಯಾಗುತ್ತದೆ. ಸ್ನಾನ ಮಾಡಿಸುವಾಗ ಬೆರಳು ಬಿಡಿಸಿ ಲಾಳಿಯನ್ನು ಗೋಡೆಯ ಬದಿಗಿಟ್ಟರು. ನಾನು ಅದನ್ನು ನನ್ನ ಚೀಲದಲ್ಲಿ, ಪತ್ರಿಕೆ ತಿದ್ದುವ ಕೆಂಪು ಪೆನ್ನುಗಳ ಜೊತೆ ಹಾಕಿಕೊಂಡೆ. ನೀವು ಗೂಡಿನಲ್ಲಿ ಅದನ್ನು ಹುಡುಕಿದ್ದು ಗೊತ್ತು. ಬೇರೆ ಲಾಳಿ ತಂದು ಇಟ್ಟದ್ದೂ ಗೊತ್ತು. ಯಾಕೆಂದರೆ ಆಮೇಲೆ ಅದೇ ಗೂಡಿನ ಲಾಳಿಯನ್ನು ಅಕ್ಷತಳ ಕೈಗೆ ಕೊಡತೊಡಗಿದಿರಿ.

ಅವಳಿಗೆ ಹದಿಮೂರು ತುಂಬಿದ ಮೇಲೆ ಶುರುವಾಯಿತಂತೆ. ಅವಳೇ ಫೋನಿನಲ್ಲಿ ಹೇಳಿದಳು, “ಅತ್ತೆ, ನಂಗೂ ಮಾವಂಗೆ ಬರ್ತಿತ್ತಲ್ಲ, ಅದು ಬಂದಿದೆ” ಎಂದು, ಶಾಲೆಯಲ್ಲಿ ಬಹುಮಾನ ಬಂದಿದೆ ಎನ್ನುವ ಧಾಟಿಯಲ್ಲಿ. ಅವಳಿಗೂ ಬರುವುದು ಬೆಳಗಿನ ಜಾವದ ನಿದ್ದೆಯಲ್ಲಿ. ಮಾತ್ರೆ ತೆಗೆದುಕೊಂಡರೆ ಹಿಡಿತದಲ್ಲಿರುತ್ತದೆ. ಅದನ್ನು ನೀವು ಉಗಾದಿಯಿಂದ ನಿಲ್ಲಿಸಿದ್ದೀರಿ. ಮುಂದಿನ ತಿಂಗಳು ವಿಷಯವೇ ಗೊತ್ತಿಲ್ಲದವರ ಮನೆಗೆ, ವಿಷಯವೇ ಗೊತ್ತಿಲ್ಲದ ಹುಡುಗನ ಪಕ್ಕಕ್ಕೆ ಕಳಿಸುತ್ತಿದ್ದೀರಿ. ಮದುವೆಮನೆಯ ನಿದ್ದೆಗೇಡು ನಿಮಗೆ ಗೊತ್ತಿಲ್ಲದ್ದಲ್ಲ. ಮೊದಲ ಸಲ ಬಂದಾಗ ಆ ಹುಡುಗ ನಾನು ಕಿರುಚಿದಂತೆ ಕಿರುಚಿಕೊಂಡು ಆಚೆ ಓಡುತ್ತಾನೆ. ಓಡಿ ಯಾರನ್ನು ಕರೆಯುತ್ತಾನೆ? ಅವನು ವಾಪಸು ಬರುವಷ್ಟರಲ್ಲಿ ಅವಳು ಬೋರಲಾಗಿರುತ್ತಾಳೆ. ಆಮೇಲೆ ಆಷಾಢಕ್ಕೆ ಅವಳು ತವರಿಗೆ ಬರುವಾಗ ನೀವು ಬಾಗಿಲಿಗೆ ತೋರಣ ಕಟ್ಟುತ್ತೀರೋ, ಇನ್ನೊಂದು ಬಿಳೀ ಪಂಚೆ ತೆಗೆದಿಡುತ್ತೀರೋ?

ಕ್ರೂರವಾಗಿ ಬರೆದೆ. ಆ ಸಾಲನ್ನು ಹೊಡೆದು ಹಾಕೋಣವೆಂದುಕೊಂಡೆ. ಇರಲಿ ಎನ್ನಿಸಿತು.

ಹಾರ್ಟ್ ಅಟ್ಯಾಕ್ ಎಂದು ನಾನು ಹೇಳುವುದಿಲ್ಲ. ಲಗ್ನಪತ್ರಿಕೆ ಶಾಸ್ತ್ರಕ್ಕೆ ಮೊದಲು ನೀವು ವಿಜಯಪುರಕ್ಕೆ ಹೋಗಿ, ಹುಡುಗನನ್ನೂ ಅವನ ತಾಯಿಯನ್ನೂ ಕೂರಿಸಿಕೊಂಡು, ಅಕ್ಷತಳಿಗೆ ಫಿಟ್ಸ್ ಇದೆ, ಅವಳ ಮಾವ ಅದರಿಂದಲೇ ತೀರಿಕೊಂಡ, ಬಂದಾಗ ಹೀಗೆ ಮಾಡಬೇಕು ಎಂದು ಹೇಳಬೇಕು. ಅದಕ್ಕೂ ಮೊದಲು ಅವಳನ್ನು ಡಾಕ್ಟರಿಗೆ ತೋರಿಸಿ ಮಾತ್ರೆ ಶುರುಮಾಡಿಸಬೇಕು. ಕಲ್ಲಿಗೆ ದಿನವೂ ಹಾಲೆರೆಯಿರಿ, ನಾನು ಬೇಡವೆನ್ನುವುದಿಲ್ಲ. ಹಾಲೆರೆದ ಮೇಲೆ ಮಾತ್ರೆ ಕೊಡಿ.

ಹುಡುಗನ ಕಡೆಯವರು ಬೇಡವೆಂದರೆ? ಎನ್ನಲಿ. ಮದುವೆ ಮುರಿದ ಮನೆಯಲ್ಲಿ ಹುಡುಗಿ ಬದುಕಿರುತ್ತಾಳೆ.

ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಬರಿಗೈಯಲ್ಲಿ ಹೋಗುವುದಿಲ್ಲ, ಡಾಕ್ಟರ ಹಳೇ ಚೀಟಿಗಳನ್ನು ಹಿಡಿದು ಹೋಗುತ್ತೇನೆ. ನನ್ನ ಮಾತು ನಂಬುತ್ತಾರೆ ಎಂದು ನೀವೇ ಅಂದಿದ್ದೀರಿ. ಆ ಲಾಳಿಯನ್ನು ಈ ಪತ್ರದ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಗೂಡಿನಲ್ಲಿಡಿ. ದಿನವೂ ದೀಪ ಹಚ್ಚುವಾಗ ಕಣ್ಣಿಗೆ ಬೀಳಲಿ.

ಉಮಾಶಂಕರ್ ಅವರ ಹೆಂಡತಿ,
ಶಶಿರೇಖಾ

ಮತ್ತೆ: ಸೋಮವಾರ ಸೇರಿಸಿದ್ದು.

ಪತ್ರವನ್ನೂ ಲಾಳಿಯನ್ನೂ ಒಂದೇ ಬಟ್ಟೆಚೀಲದಲ್ಲಿ ಹೊಲಿದಿಟ್ಟು, ಇವತ್ತು ಅಂಚೆಗೆ ರಜೆಯಾದ್ದರಿಂದ ನಾಳೆ ಕಳಿಸಬೇಕೆಂದಿದ್ದೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅಕ್ಷತ, ಹಿಂದೆ ಹೆಲ್ಮೆಟ್ ಹಿಡಿದುಕೊಂಡು ಭಾನುಪ್ರಕಾಶ್.

ಅವನಿಗೆ ಗೊತ್ತಿದೆ ಅತ್ತಿಗೆ. ಕಳೆದ ವಾರ ಅವನ ಮನೆಯವರ ಜೊತೆ ಅಕ್ಷತಳನ್ನು ಶಿವಗಂಗೆಗೆ ನೀವೇ ಕಳಿಸಿದ್ದಿರಲ್ಲ, ಅಲ್ಲಿ ಬೆಟ್ಟದ ಅರ್ಧದಲ್ಲಿ ಇವಳು ಕೂತುಬಿಟ್ಟಳಂತೆ. ಮಾತ್ರೆ ಇಲ್ಲ, ಮೇಲೆ ಬಂಡೆಯ ಅಂಚಿನಲ್ಲಿ ಬಂದುಬಿಟ್ಟರೆ ಎಂಬ ಭಯ. ಉಳಿದವರು ಹತ್ತಿಹೋದರು, ಇವನು ನಿಂತ. ಇವಳು ಹೇಳಿಬಿಟ್ಟಳು. ಅವನು ಪಕ್ಕದಲ್ಲಿ ಕೂತು, “ಅಷ್ಟೇನಾ? ನಾನೆಲ್ಲೋ ಬೇರೆ ಯಾರನ್ನೋ ಇಷ್ಟಪಟ್ಟಿದೀಯ ಅಂತ ಹೆದರ್ಬಿಟ್ಟಿದ್ದೆ, ಬಾ ಇಳಿಯಣ” ಎಂದನಂತೆ. ಶನಿವಾರ, ನಾನು ಇಲ್ಲಿ ಈ ಪತ್ರ ಬರೆಯುತ್ತಿದ್ದಾಗ, ಅವನು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮಾತ್ರೆ ಬದಲಿಸಿ ಕೊಟ್ಟಿದ್ದಾರೆ, ಶುರುವಾಗಿದೆ. ಅವನ ತಾಯಿಗೂ ಗೊತ್ತು. ಮೊದಲು ಮುನಿಸಿಕೊಂಡರಂತೆ, ಆಮೇಲೆ, “ಅವರಮ್ಮ ಬಂದು ಒಂದ್ಮಾತು ಹೇಳ್ಬೋದಿತ್ತು” ಎಂದರಂತೆ. ಅವರು ಕಾಯುತ್ತಿರುವುದು ಅಷ್ಟಕ್ಕೆ.

ಅವನು ನನ್ನ ಹತ್ತಿರ ಬಂದದ್ದು, “ಅತ್ತೆ, ಬಂದಾಗ ಏನ್ ಮಾಡ್ಬೇಕು, ಒಂದ್ಸಲ ಕೈಯಲ್ಲಿ ಮಾಡಿ ತೋರ್ಸಿ” ಎಂದು ಕೇಳಲು. ಹಜಾರದಲ್ಲಿ ಚಾಪೆ ಹಾಸಿದೆ. ಇವಳು ಬೋರಲು ಮಲಗಿದಳು. ಅವನು ಮಗ್ಗುಲಿಗೆ ಹೊರಳಿಸುವುದನ್ನು ಕಲಿತ. ಇವಳು ಕಚಗುಳಿ ಎಂದು ನಗುತ್ತಿದ್ದಳು, ಅವನು ನಗದೆ ಇನ್ನೊಂದು ಸಲ ಹೊರಳಿಸಿ ನೋಡಿದ. ಬಾಯಿಗೆ ಏನೂ ತುರುಕಬೇಡ, ಕೈಗೆ ಏನೂ ಕೊಡಬೇಡ, ಬೇಗ ನಿಲ್ಲದಿದ್ದರೆ ಆಂಬುಲೆನ್ಸ್ ಕರೆ, ನಿಂತ ಮೇಲೂ ಎದ್ದು ಹೋಗಬೇಡ ಎಂದೆ.

ಆಗ ಅವನು ಕೇಳಿದ: ನಾನು ನಿದ್ದೆ ಮಾಡ್ತಿದ್ರೆ ಗೊತ್ತಾಗೋದು ಹೇಗೆ?

ಇವಳು ಮಲಗಿದಲ್ಲಿಂದಲೇ ಹೇಳಿದಳು. ಅಮ್ಮನಿಗೆ ಗೊತ್ತಾಗುತ್ತೆ, ಅಮ್ಮ ರಾತ್ರಿ ತನ್ನ ಸೆರಗಿನ ತುದೀನ ನನ್ನ ಕೈಗೆ ಗಂಟು ಹಾಕ್ಕೊಂಡು ಪಕ್ಕದಲ್ಲೇ ಮಲಗುತ್ತೆ, ನಾನು ಒಂಚೂರು ಅದುರಿದ್ರೂ ಎದ್ದು ಕೂರುತ್ತೆ. ಯಾವಾಗಿಂದ ಎಂದು ಕೇಳಿದೆ. “ನಂಗೆ ಇದು ಶುರುವಾದಾಗಿಂದ ಅತ್ತೆ. ಒಂದು ದಿನಾನೂ ಬಿಟ್ಟಿಲ್ಲ. ಲಾಳಿ ಕೊಡುತ್ತೆ, ಕೊಟ್ಟು ನಂಗೆ ಪೂರ್ತಿ ಎಚ್ಚರ ಆಗೋವರೆಗೂ ತೊಡೆ ಮೇಲೆ ಮಲಗಿಸ್ಕೊಂಡಿರುತ್ತೆ. ಮಾವ ಹೆಂಗೆ ಹೋದ್ರು ಅಂತ ಕೇಳಿದ್ರೆ ಮಾತ್ರ ಬಯ್ಯುತ್ತೆ.”

ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ನಿಮ್ಮ ನೆಮ್ಮದಿಯ ಬಗ್ಗೆ ಮೇಲೆ ಒಂದು ಸಾಲು ಬರೆದಿದ್ದೇನೆ. ಅದನ್ನು ಹೊಡೆದು ಹಾಕಿದ್ದೇನೆ, ಆದರೂ ಓದಲು ಬರುತ್ತದೆ. ಉಳಿದ ಯಾವುದನ್ನೂ ಹೊಡೆದಿಲ್ಲ. ಮದುವೆಯಾದ ಮೇಲೆ ನಿಮ್ಮ ಸೆರಗು ವಿಜಯಪುರದವರೆಗೂ ಚಾಚುವುದಿಲ್ಲವೆಂದು ನಿಮಗೆ ಹೊಳೆದಿರಲೇಬೇಕು. ಆ ಕಲ್ಲನ್ನು ನಂಬಿದ್ದು ಅದಕ್ಕೇ ಇರಬೇಕು.

ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿ ಕೊಡುತ್ತೇನೆ, ಅವರು ಓದಿಲ್ಲ. ಮಾವ ಫಿಟ್ಸ್ ಬಂದು ನಿದ್ದೆಯಲ್ಲಿ ಹೋದರು ಎಂದಷ್ಟೇ ಹೇಳಿದ್ದೇನೆ. ಹೊಲಿಗೆ ಬಿಚ್ಚಿ ಲಾಳಿಯ ಚೀಲವನ್ನು ಒಳಗಿಟ್ಟುಕೊಂಡೆ. ಅದು ನನ್ನ ಹತ್ತಿರ ಇರಲಿ.

ಹುಡುಗ ನಿಮ್ಮ ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಸೆರಗಿಲ್ಲ, ಹೆಗಲ ಮೇಲಿನ ಟವಲು ಸಾಕು. ಆದರೆ ಆ ಗಂಟು, ನೋವಾಗದ ಹಾಗೆ, ಎಳೆದರೆ ಎಚ್ಚರವಾಗುವ ಹಾಗೆ, ಹೇಗೆ ಹಾಕಬೇಕೆಂದು ನಿಮಗೊಬ್ಬರಿಗೇ ಗೊತ್ತಂತೆ. ಒಳಗೆ ಕರೆದು ತೋರಿಸಿಕೊಡಿ.